ಎಷ್ಟೆಂದು ಕೇಳದ ಟೈಪಿಂಗ್ ಮೇಷ್ಟ್ರು

ನಮ್ಮ ಟೈಪಿಂಗ್ ಮೇಷ್ಟ್ರ ಹತ್ತೂ ಬೆರಳುಗಳ ತುದಿ ಚಪ್ಪಟೆಯಾಗಿತ್ತು. ನಲವತ್ತು ವರ್ಷ ಟೈಪ್‌ರೈಟರಿನ ಕೀಲಿಗಳನ್ನು ಕುಟ್ಟಿ ಕುಟ್ಟಿ ಉಗುರುಗಳು ಅಗಲವಾಗಿ, ತುದಿಗಳು ಹಿತುಕಿದ ಅವರೆಕಾಳಿನಂತೆ ಆಗಿಬಿಟ್ಟಿದ್ದವು. ಆ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಕಡಿಮೆ. ನಾವು ಕಂಪ್ಯೂಟರಿನ ಮುಂದೆ ಕೂತಾಗ ಅವರು ಹಿಂದೆ ಬಂದು ನಿಂತು, ಕುರ್ಚಿಯ ಬೆನ್ನಿನ ಮೇಲೆ ಬೆರಳಾಡಿಸುತ್ತಿದ್ದರು. ನಾವು ಬರೆದದ್ದರಲ್ಲಿ ತಪ್ಪಿದ್ದರೆ ಟಕಟಕ ಸದ್ದು ಜೋರಾಗುತ್ತಿತ್ತು. ತಪ್ಪು ಸಿಕ್ಕಿ ತಿದ್ದಿದ ಕೂಡಲೇ ಸದ್ದು ನಿಲ್ಲುತ್ತಿತ್ತು. ಬಾಯಿಬಿಟ್ಟು ಇಲ್ಲಿ ತಪ್ಪಿದೆ ಎಂದು ಅವರು ಹೇಳಿದ್ದಿಲ್ಲ, ಇನ್ನೊಬ್ಬರ ಕೀಲಿಮಣೆ ಮುಟ್ಟಿದ್ದೂ ಇಲ್ಲ.

ಅವರ ಇನ್‌ಸ್ಟಿಟ್ಯೂಟ್ ಇದ್ದದ್ದು ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಪಂಪ್‌ಸೆಟ್ಟಿನ ಸಾಮಾನು ಮಾರುವ ಅಂಗಡಿಯ ಮೇಲೆ. ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಗೋಡೆಯುದ್ದಕ್ಕೂ ಹಳೆಯ ಟೈಪ್‌ರೈಟರುಗಳು, ಒಂದೊಂದಕ್ಕೂ ಹಳೆ ಸೀರೆಯಲ್ಲಿ ಹೊಲಿದ ಗವುಸು. ಟೈಪಿಂಗ್ ಕಲಿಯುವವರು ಬರುವುದು ನಿಂತ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ದಿನಾ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಕಾಲೇಜು ಮಕ್ಕಳ ಪಕ್ಕದಲ್ಲಿ ಕೂತು ಡೇಟಾಬೇಸ್ ಕಲಿತು ಬಂದರಂತೆ. ಆ ಮಕ್ಕಳು ಅವರನ್ನು ತಾತ ಎಂದು ಛೇಡಿಸುತ್ತಿದ್ದರಂತೆ. ಪರೀಕ್ಷೆ ಹತ್ತಿರ ಬಂದಾಗ ಅದೇ ಮಕ್ಕಳು ತಾತನ ನೋಟ್ಸಿಗೆ ಸಾಲು ನಿಂತಿದ್ದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ತುಂಟ ನಗು ಬರುತ್ತಿತ್ತು.

ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಲು ಅವರಿಗೆ ಮನಸ್ಸಾಗಿರಲಿಲ್ಲ. ಅವಕ್ಕೊಂದು ಕೆಲಸ ಕೊಟ್ಟಿದ್ದರು. ಯಾರದಾದರೂ ಪ್ರೋಗ್ರಾಂ ಸರಿಯಾಗಿ ಓಡಿದರೆ ಹತ್ತಿರದ ಟೈಪ್‌ರೈಟರಿನ ಗವುಸು ಎತ್ತಿ, ಅದರ ಕ್ಯಾರಿಯೇಜನ್ನು ಎಡಕ್ಕೆ ತಳ್ಳುವರು. ಸಾಲು ಮುಗಿಯಿತು ಎಂದು ಹೇಳುವ ಆ ಸಣ್ಣ ಗಂಟೆ ಟಣ್ ಎನ್ನುವುದು. ಹೊಗಳಿಕೆ, ಬಹುಮಾನ, ಸರ್ಟಿಫಿಕೇಟು ಎಲ್ಲ ಅದೇ. ಒಂದು ಟಣ್‌ಗಾಗಿ ನಾವು ವಯಸ್ಸು ಮರೆತು ಪೈಪೋಟಿ ಮಾಡುತ್ತಿದ್ದೆವು.

ನಾನು ಯಲ್ಲದಕೆರೆಯ ಪಶು ಸಖಿ. ಊರಿನ ಕುರಿ ಮೇಕೆಗಳಿಗೆ ಲಸಿಕೆ ಹಾಕಿಸುವುದು, ಜಂತುಹುಳದ ಔಷಧಿ ಕುಡಿಸುವುದು, ಅದನ್ನೆಲ್ಲ ಬರೆದಿಡುವುದು ನನ್ನ ಕೆಲಸ. ಬರೆದಿಡುವುದರಲ್ಲೇ ನನ್ನ ಗ್ರಹಚಾರ ಇತ್ತು. ಕಳೆದ ಸಲ ಯಾವ ಮನೆಯ ಕುರಿಗಳಿಗೆ ಲಸಿಕೆ ತಪ್ಪಿತ್ತು ಎಂದು ಪಶು ವೈದ್ಯರು ಕೇಳಿದರೆ ಐದು ನೋಟ್‌ಬುಕ್ಕುಗಳನ್ನು ತಿರುವಿಹಾಕಿ, ಬೆವರು ಒರೆಸಿಕೊಂಡು, ನೋಡಿ ಹೇಳ್ತೀನಿ ಸರ್ ಎನ್ನುತ್ತಿದ್ದೆ. ಇದನ್ನು ಮೊಬೈಲಿನಲ್ಲೇ ಮಾಡಿಕೊಂಡರೆ ಹೇಗೆ, ಮಾಡುವವರೂ ಮನುಷ್ಯರೇ ಅಲ್ಲವೇ ಎಂಬ ಹುಚ್ಚು ಹೊಕ್ಕಿತು. ಆಗ ನನಗೆ ಮೂವತ್ತಾರು. ಓದು ಪಿಯುಸಿಗೆ ನಿಂತಿತ್ತು. ಒಂದು ಶನಿವಾರ ಮೆಟ್ಟಿಲು ಹತ್ತಿ ಹೋಗಿ, ನಾನೇ ಒಂದು ಆಪ್ ಬರೀಬೇಕು ಸರ್, ಆಗುತ್ತಾ ಎಂದು ಕೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಅರ್ಧ ಲೋಟ ಟೀ ನನ್ನ ಮುಂದಿಟ್ಟು, ನಾನು ಯಾರು, ಯಾವ ಊರು, ದಿನದಲ್ಲಿ ಯಾವ ಹೊತ್ತು ಬಿಡುವು ಎಂದೆಲ್ಲ ವಿಚಾರಿಸಿ, ನಾಳೆಯಿಂದ ಬಾ ಎಂದರು.

ಮರುದಿನ ಹೋದರೆ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಕೈಗೊಂದು ಹಾಳೆ ಪೆನ್ನು ಕೊಟ್ಟು ಬಸ್ ನಿಲ್ದಾಣಕ್ಕೆ ಅಟ್ಟಿದರು. “ವಿಚಾರಣೆ ಕಿಟಕಿ ತಾವ ಕುಂತ್ಕ. ಜನ ಏನೇನು ಕೇಳ್ತಾರೆ ಅಷ್ಟೂ ಬರ್ಕಂಡು ಬಾ. ಉತ್ತರ ಬ್ಯಾಡ, ಪ್ರಶ್ನೆ ಸಾಕು,” ಎಂದರು.

ನನಗೆ ರೇಗಿಹೋಯಿತು. ಮನೆಯಲ್ಲಿ ರಾಗಿ ಒಣಹಾಕಿ ಬಂದಿದ್ದೆ. ಇಲ್ಲಿ ನೋಡಿದರೆ ಕಂಬಕ್ಕೆ ಒರಗಿ ಕೂತು ಕಂಡವರ ಮಾತು ಕದ್ದು ಕೇಳುವ ಕೆಲಸ. ಆದರೂ ಬರೆದೆ. ಎರಡು ಗಂಟೆ ಬರೆದು ಮೇಲೆ ಹೋದಾಗ ಮೇಷ್ಟ್ರು ಆ ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ಪಂಚಾಂಗ ಓದುವವರ ಹಾಗೆ ಓದಿದರು. ಬಹಳ ಜನ ಕೇಳಿದ್ದು ಒಂದೇ ಮಾತು: ಧರ್ಮಪುರದ ಬಸ್ಸು ಹೋಯ್ತಾ?

“ಬೋರ್ಡ್‌ನಾಗೆ ಟೈಮ್ ಬರೆದವ್ರಲ್ಲಮ್ಮ, ಮತ್ಯಾಕೆ ಕೇಳ್ತಾರೆ?” ಎಂದರು.

ಬೋರ್ಡಿನಲ್ಲಿ ಇರುವುದು ಬಸ್ಸು ಹೊರಡಬೇಕಾದ ಹೊತ್ತು, ಜನ ಕೇಳುವುದು ಹೊರಟಿತೋ ಇಲ್ಲವೋ ಎಂದು. ಹೇಳುತ್ತಾ ಹೇಳುತ್ತಾ ನನಗೇ ಮೈ ಜುಮ್ಮೆಂದಿತು. ಇವೆರಡೂ ಬೇರೆ ಬೇರೆ ಮಾಹಿತಿ. ಬೇರೆ ಬೇರೆ ಪಟ್ಟಿಯಲ್ಲಿ, ಮೇಷ್ಟ್ರ ಭಾಷೆಯಲ್ಲಿ ಬೇರೆ ಬೇರೆ ಟೇಬಲ್ಲಿನಲ್ಲಿ, ಇರಬೇಕಾದವು. ಒಂದು ಆಗಬೇಕಾದದ್ದು, ಇನ್ನೊಂದು ಆದದ್ದು. ನನ್ನ ಐದು ನೋಟ್‌ಬುಕ್ಕುಗಳಲ್ಲಿ ಈ ಎರಡೂ ಕಲಸುಮೇಲೋಗರವಾಗಿ ಬಿದ್ದಿದ್ದವು. ಮೇಷ್ಟ್ರು ಖುಷಿಯಿಂದ ಮೇಜು ಕುಟ್ಟಿ, ಇನ್ನು ಕಂಪ್ಯೂಟರ್ ಮುಟ್ಟಬಹುದು ಎಂದರು. ಉತ್ತರ ಕೊಡುವುದಕ್ಕೆ ಯಂತ್ರವಿದೆ, ಏನು ಕೇಳಬೇಕು ಎಂದು ತಿಳಿದುಕೊಳ್ಳುವುದಕ್ಕೇ ಮನುಷ್ಯ ಬೇಕಾದದ್ದು ಎಂಬುದು ಅವರ ಮಾತು. ಅದನ್ನು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು, ನಮಗೆ ಬಾಯಿಪಾಠವಾಗಿತ್ತು.

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಮೊದಲ ಸಲ ಒಂದು ಟೇಬಲ್ ಮಾಡಿ, ಯಲ್ಲದಕೆರೆ ಎಂದು ಕನ್ನಡದಲ್ಲೇ ತುಂಬಿ, ಒಂದು ಸಾಲಿನ ಆಜ್ಞೆ ಬರೆದು ಗುಂಡಿ ಒತ್ತಿದರೆ, ನಮ್ಮೂರಿನ ಮನೆಗಳಷ್ಟೇ ಸಾಲಾಗಿ ಪರದೆಯ ಮೇಲೆ ಬಂದು ನಿಂತವು. ಊರಿನ ಹೆಸರನ್ನು ಆದಿವಾಲ ಎಂದು ಬದಲಿಸಿದೆ, ಆದಿವಾಲದವು ಬಂದವು. ಕರೆದವರಷ್ಟೇ ಬರುತ್ತಿದ್ದರು, ಕರೆಯದವರು ಬರುತ್ತಿರಲಿಲ್ಲ. ಹಿಂದೆ ಟಣ್ ಎಂದಿತು. ತಿರುಗಿ ನೋಡಿದರೆ ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ಯಂತ್ರದ ಧೂಳು ಒರೆಸುತ್ತಿದ್ದರು. ಅವತ್ತು ಬಸ್ಸಿನಲ್ಲಿ ಕಿಟಕಿಯಾಚೆ ಕಂಡದ್ದೆಲ್ಲ ನನಗೆ ಟೇಬಲ್ಲುಗಳೇ. ಶೇಂಗಾ ಹೊಲದ ಸಾಲು, ಶಾಲೆಯ ಮಕ್ಕಳ ಸಾಲು, ಕೊನೆಗೆ ನಮ್ಮ ಮನೆಯ ಡಬ್ಬಿಗಳ ಸಾಲು. ರಾತ್ರಿ ಮುದ್ದೆ ತಿರುವುತ್ತಾ ಯಾವುದಕ್ಕೆ ಯಾವುದು ಸಂಬಂಧ ಎಂದು ಲೆಕ್ಕ ಹಾಕುತ್ತಾ ಮುದ್ದೆ ಗಂಟಾಗಿಸಿದೆ. ನಮ್ಮೆಜಮಾನರು ಗಂಟುಗಳನ್ನು ಆರಿಸಿ ತಟ್ಟೆಯ ಅಂಚಿಗಿಟ್ಟು, ಇದನ್ನೂ ಮೇಷ್ಟ್ರೇ ಕಲಿಸಿದರೇನು ಎಂದು ಕೇಳಿದರು.

ವರ್ಷ ಕಳೆಯುವುದರೊಳಗೆ ನನ್ನ ಆಪ್ ತಯಾರಾಯಿತು. ಮುಂಗಾರಿಗೆ ಮೊದಲು ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕಿಸಬೇಕು. ಇಲ್ಲದಿದ್ದರೆ ಹೊಸ ಹುಲ್ಲು ಮೇಯ್ದ ಕುರಿ ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆಗೆ ಇರುವುದಿಲ್ಲ. ಮೊದಲ ಸೂಜಿಯಾದ ಮೂರು ವಾರಕ್ಕೆ ಎರಡನೆಯದು. ಹೊಸದುರ್ಗದ ಕಡೆಯವರಾದ ನಮ್ಮ ಪಶು ವೈದ್ಯರು ಒಳ್ಳೆಯವರು, ಆದರೆ ನಂಬುವವರಲ್ಲ. ಈ ಸಲ ಯಲ್ಲದಕೆರೆಯಲ್ಲಿ ಮೊಬೈಲಿನಲ್ಲೇ ಬರೆದುಕೊಳ್ಳುತ್ತೇನೆ ಎಂದು ಕಾಡಿ ಬೇಡಿ ಒಪ್ಪಿಸಿದೆ. ಚೆನ್ನಾಗಿ ನಡೆದರೆ ಅವರ ಎಲ್ಲ ಹಳ್ಳಿಗಳಿಗೂ ಅದೇ. ಊರಲ್ಲೆಲ್ಲ ಡಂಗುರ ಬೇರೆ ಸಾರಿಕೊಂಡಿದ್ದೆ.

ಲಸಿಕೆಗೆ ಹೋಗುವ ಮೊದಲು ಮೇಷ್ಟ್ರಿಗೆ ತೋರಿಸಿದೆ. ಯಜಮಾನರ ಹೆಸರು, ಒಟ್ಟು ಕುರಿ, ಲಸಿಕೆ ಆದದ್ದು, ಬಾಕಿ. ನಾಲ್ಕು ಖಾನೆ, ಎಲ್ಲ ಚೊಕ್ಕ. ಬಾಕಿಯನ್ನು ಯಂತ್ರವೇ ಕಳೆದು ಹೇಳುತ್ತಿತ್ತು. ಕುರ್ಚಿಯ ಹಿಂದೆ ಬೆರಳು ಟಕಟಕ ಎಂದವು. ನಾನು ಸಾಲು ಸಾಲು ತಡಕಿದೆ, ತಪ್ಪೇ ಇರಲಿಲ್ಲ. ಸದ್ದು ನಿಲ್ಲಲಿಲ್ಲ, ಗಂಟೆಯೂ ಆಗಲಿಲ್ಲ. ವಯಸ್ಸಾಯಿತು ಪಾಪ, ಕೈ ನಡುಗುತ್ತಿರಬೇಕು ಎಂದುಕೊಂಡು ಎದ್ದು ಬಂದೆ. ಎಂಥ ಸೊಕ್ಕು ನನ್ನದು.

ಲಸಿಕೆಯ ದಿನ ಮೊದಲು ಬಂದವಳು ನಮ್ಮ ದೊಡ್ಡವ್ವ, ನನ್ನ ತಾಯಿಯ ಅಕ್ಕ. ನಮ್ಮದು ಕುರಿಯವರ ಮನೆತನ. ದೊಡ್ಡವ್ವನಿಗೆ ಎಪ್ಪತ್ತಾದರೂ ಕುರಿಯ ಉಸ್ತುವಾರಿ ಅವಳದೇ. ಒಟ್ಟು ಎಷ್ಟು ಎಂದು ಕೇಳಿದೆ. “ಒಂದಿಪ್ಪತ್ತು ಅವೆ ಕಣವ್ವ,” ಎಂದಳು. ಬರೆದೆ. ಎರಡನೆಯವರೂ ಒಂದಿಪ್ಪತ್ತು ಎಂದರು. ಮೂರನೆಯವರೂ ಅಷ್ಟೇ. ನಮ್ಮಲ್ಲಿ ಕುರಿ ಎಣಿಸುವುದಿಲ್ಲ, ಎಣಿಸಿದರೂ ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಮಂದೆ ಕರಗುತ್ತದೆ ಎಂಬ ನಂಬಿಕೆ. ಯಾರು ಕೇಳಿದರೂ ಒಂದಿಪ್ಪತ್ತು ಎಂದು ಸಾಗಹಾಕುವುದು ವಾಡಿಕೆ. ಹಾಲು ಕುಡಿಯುವ ವಯಸ್ಸಿನಿಂದ ನನಗಿದು ಗೊತ್ತು. ಗೊತ್ತಿದ್ದೂ ಹೆಸರಿನ ಪಕ್ಕದ ಖಾನೆಯಲ್ಲೇ ಅದನ್ನು ಕೇಳಿದ್ದೆ. ನೋಟ್‌ಬುಕ್ಕಿನಲ್ಲಿ ಆ ಖಾನೆ ಅಚ್ಚಾಗಿತ್ತು, ನಾನು ಅದನ್ನು ಹಾಗೇ ಮೊಬೈಲಿಗೆ ಇಳಿಸಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕತೆ ನನ್ನದೇ ಆಯಿತು.

ಸೂಜಿ ಹಾಕಿ ಮುಗಿದ ಮೇಲೆ ವೈದ್ಯರು ಬಾಕಿ ಎಷ್ಟು ಎಂದು ಮೊಬೈಲು ಇಸಿದುಕೊಂಡರು. ದೊಡ್ಡವ್ವನ ಹೆಸರಿನ ಮುಂದೆ ಬಾಕಿ ಮೈನಸ್ ಹದಿನಾಲ್ಕು ಎಂದಿತ್ತು. ಕೆಳಗಿನವರದ್ದು ಮೈನಸ್ ಮೂವತ್ತೊಂದು. ಮೈನಸ್ ಎಂದರೇನು ಎಂದು ದೊಡ್ಡವ್ವ ಕೇಳಿದಳು. ಇರುವುದಕ್ಕಿಂತ ಜಾಸ್ತಿ ಕುರಿಗೆ ಹಾಕಿಸಿದ್ದೀರಿ ಅಂತ ಎಂದು ವೈದ್ಯರು ವಿವರಿಸಿದರು.

“ಇಲ್ದಿರೋ ಕುರಿಗೆ ಸೂಜಿ ಹಾಕೀರೇನ್ರಿ ಡಾಕ್ಟ್ರೇ? ಬಲೇ ಕೈ ನಿಮ್ದು,” ಎಂದಳು ದೊಡ್ಡವ್ವ.

ಸೇರಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ವೈದ್ಯರೂ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಹೊರಡುವಾಗ ಅವರು, ಎರಡನೇ ಸೂಜಿಗೆ ಬರುವುದರೊಳಗೆ ಇದನ್ನು ಸರಿ ಮಾಡಿಕೋ, ಇಲ್ಲದಿದ್ದರೆ ನೋಟ್‌ಬುಕ್ಕೇ ಸಾಕು ಎಂದರು. ಮೂರು ವಾರ ಇತ್ತು.

ಮಾರನೆಯ ದಿನ ಬೆಳಿಗ್ಗೆಯ ಮೊದಲ ಬಸ್ಸಿಗೆ ಹಿರಿಯೂರಿಗೆ ಹೋದೆ. ನಡೆದದ್ದೆಲ್ಲ ಹೇಳಿ, ಕೋಪದಲ್ಲಿ, ಇನ್ನು ಒಟ್ಟು ಕುರಿಯ ಖಾನೆಯಲ್ಲಿ ನಿಜ ತುಂಬದಿದ್ದರೆ ಮುಂದಕ್ಕೇ ಹೋಗದ ಹಾಗೆ ಬರೆಯುತ್ತೇನೆ ಎಂದೆ. ಆಪ್ ಬರೆಯಲೆಂದು ನಾನು ಕೊಂಡಿದ್ದ ಹಳೆಯ ಲ್ಯಾಪ್‌ಟಾಪನ್ನು ಮೇಷ್ಟ್ರು ಮುಚ್ಚಿದರು. ನನ್ನ ಯಂತ್ರವನ್ನು ಅವರು ಮುಟ್ಟಿದ್ದು ಅದೊಂದೇ ಸಲ. ಸಂಜೆ ಮೇದು ಬಂದ ಕುರಿಗಳಲ್ಲಿ ಒಂದು ಕಡಿಮೆಯಾಗಿದ್ದರೆ ನಿಮ್ಮ ದೊಡ್ಡವ್ವನಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು.

ಅದೇನು ದೊಡ್ಡ ಮಾತು ಎಂದು ಹೇಳತೊಡಗಿದೆ. ದೊಡ್ಡವ್ವ ರೊಪ್ಪದ ಬಾಗಿಲಲ್ಲಿ, ಅಂದರೆ ಕುರಿ ಕೂಡುವ ಮುಳ್ಳುಬೇಲಿಯ ಬಾಗಿಲಲ್ಲಿ, ನಿಂತುಕೊಳ್ಳುತ್ತಾಳೆ. ಒಳಗೆ ನುಗ್ಗುವ ಒಂದೊಂದರ ಬೆನ್ನನ್ನೂ ಮುಟ್ಟುತ್ತಾಳೆ. ಕರಿಕಿವಿ ಬಂತು, ಕರಿಕಿವಿ ಮಗಳು ಬಂತು, ಬೆಳ್ಳಗಾಲಿ ಬಂತು ಎಂದು ತಾಯಿಯ ಹೆಸರಿನಿಂದ ಗುರುತು ಹಿಡಿಯುತ್ತಾಳೆ. ಕೊನೆಗೆ, ಬೆಳ್ಳಗಾಲಿ ಮಗಳು ಬಂದಿಲ್ಲ, ಹಳ್ಳದ ಕಡೆ ನೋಡ್ರಿ ಎನ್ನುತ್ತಾಳೆ. ಎಷ್ಟು ಬಂದವು ಎಂದು ಅವಳು ಹೇಳುವುದಿಲ್ಲ. ಯಾವುದು ಬರಲಿಲ್ಲ ಎಂದು ಹೇಳುತ್ತಾಳೆ.

ಆಡಿದ ಮಾತು ಆಗ ನನ್ನ ಕಿವಿಗೇ ಬಿತ್ತು. ಮೇಷ್ಟ್ರ ಕಣ್ಣು ನಗುತ್ತಿತ್ತು. ಎರಡೂ ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದುಕೊಂಡಿದ್ದವು.

ಒಂದು ಕುರಿಗೆ ಒಂದು ಸಾಲು. ಬಣ್ಣ, ಗುರುತು, ತಾಯಿ ಯಾವುದು, ಸೂಜಿ ಯಾವತ್ತು ಆಯಿತು. ಮನೆಯವರನ್ನು ಒಟ್ಟು ಎಷ್ಟು ಎಂದು ಕೇಳುವುದೇ ಬೇಡ. ವೈದ್ಯರಿಗಾದರೂ ಒಟ್ಟು ಯಾಕೆ ಬೇಕು ಎಂದು ಮೇಷ್ಟ್ರು ಕೇಳಿದರು. ಬಸ್ ನಿಲ್ದಾಣದ ಕಿಟಕಿ ನೆನಪಾಯಿತು. ಪ್ರತಿ ಲಸಿಕೆಯ ಹಿಂದಿನ ದಿನ ಫೋನು ಮಾಡಿದಾಗೆಲ್ಲ ವೈದ್ಯರು ಕೇಳುತ್ತಿದ್ದದ್ದು ಕುರಿಯ ಸಂಖ್ಯೆಯನ್ನಲ್ಲ, ಐಸ್ ಪೆಟ್ಟಿಗೆಯಲ್ಲಿ ಎಷ್ಟು ಬಾಟಲಿ ಲಸಿಕೆ ತರಬೇಕು ಎಂದು. ಒಡೆದ ಬಾಟಲಿ ಮರುದಿನಕ್ಕೆ ಆಗುವುದಿಲ್ಲ, ಅದಕ್ಕೆ. ಹಾಗಾದರೆ ವೈದ್ಯರಿಗೆ ಬಾಟಲಿ ಎಷ್ಟು ಎಂದು ಹೇಳಿದರೆ ಸಾಕು, ಮನೆಯವರಿಗೆ ಉಳಿದದ್ದು ಯಾವುದು ಎಂದು ಹೇಳಿದರೆ ಸಾಕು. ಒಟ್ಟು ಕುರಿ ಎಷ್ಟು ಎಂದು ಈ ಭೂಮಿಯ ಮೇಲೆ ಯಾರೂ ನನ್ನನ್ನು ಕೇಳಿರಲೇ ಇಲ್ಲ, ನೋಟ್‌ಬುಕ್ಕು ಒಂದನ್ನು ಬಿಟ್ಟು.

“ಎಣಿಸೋದು ಯಂತ್ರದ ಕೆಲಸ ಕಣಮ್ಮ. ಅದನ್ನ ಮನುಷ್ಯರ ತಾವ ಕೇಳಿದ್ರೆ ಅವ್ರು ಸುಳ್ಳು ಹೇಳೋ ಹಂಗೆ ನಾವೇ ಮಾಡ್ದಂಗಾಯ್ತು,” ಎಂದರು ಮೇಷ್ಟ್ರು. ನಡುವೆ ಕೆಮ್ಮು ಬಂದು ಮಾತು ನಿಂತು, ಮತ್ತೆ ಶುರುವಾಯಿತು. “ಯಂತ್ರ ಒಳಗೊಳಗೆ ಎಣಿಸ್ತೈತೆ ಅನ್ನೋದನ್ನ ಮಾತ್ರ ಮುಚ್ಚಿಡಬ್ಯಾಡ. ಮೊದ್ಲು ಅವ್ರನ್ನ ಕೇಳು. ಆಮ್ಯಾಲೆ ಬರಿ.”

ಕೇಳಿದೆ. ಸಂಜೆ ರೊಪ್ಪದ ಬಾಗಿಲಲ್ಲಿ ದೊಡ್ಡವ್ವನ ಪಕ್ಕ ನಿಂತು, ಇದು ಒಳಗೆ ಎಣಿಸುತ್ತದೆ ದೊಡ್ಡವ್ವ, ಆದರೆ ಯಾರಿಗೂ ಹೇಳುವುದಿಲ್ಲ ಎಂದೆ. ಅವಳು ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ನಾನೂ ಒಳಗೆ ಎಣಿಸ್ತೀನಿ ಬುಡು. ಬಾಯಿ ಬಿಡದಿದ್ರೆ ಸರಿ,” ಎಂದಳು.

ಆ ಮೂರು ವಾರ ನಾನು ಹಬ್ಬ ಮಾಡಿದೆ. ದಿನಾ ಸಂಜೆ ಒಂದೊಂದು ಮನೆಯ ರೊಪ್ಪ. ಅವರು ಬೆನ್ನು ಮುಟ್ಟಿ ಹೆಸರು ಹೇಳುತ್ತಿದ್ದರು, ಸೂಜಿ ಆಗಿದೆಯೋ ಇಲ್ಲವೋ ಹೇಳುತ್ತಿದ್ದರು, ನಾನು ಒಂದೊಂದು ಸಾಲು ತುಂಬುತ್ತಿದ್ದೆ. ಎಷ್ಟು ಎಂದು ಕೇಳಿದಾಗ ಮುಖ ತಿರುಗಿಸುತ್ತಿದ್ದ ಜನ, ಯಾವುದರ ಮಗಳು ಎಂದು ಕೇಳಿದರೆ ಅಜ್ಜಿ ಮುತ್ತಜ್ಜಿಯವರೆಗೆ ಹೇಳುತ್ತಿದ್ದರು. ಯಾರ ಕುರಿಯ ವಂಶ ಯಾರ ರೊಪ್ಪಕ್ಕೆ ಹೋಗಿದೆ ಎಂದು ಪರದೆಯ ಮೇಲೆ ತೋರಿಸಿದಾಗ ಎರಡು ಮನೆಯವರು ಬೀಗರಾದಂತೆ ನಕ್ಕು ಮಾತಾಡಿಕೊಂಡರು. ಮೇಷ್ಟ್ರು ಆ ದಿನಗಳಲ್ಲಿ ಇನ್‌ಸ್ಟಿಟ್ಯೂಟಿಗೆ ಬರುತ್ತಿರಲಿಲ್ಲ. ಹೊಳಲ್ಕೆರೆಯ ನಮ್ಮ ಹಳೇ ಮನೆಗೆ ಬಂದಿದ್ದೇನೆ, ಸ್ವಲ್ಪ ಕೆಮ್ಮು, ನೀನು ನಿನ್ನ ಕೆಲಸ ನೋಡು ಎಂದು ಫೋನಿನಲ್ಲಿ ಹೇಳಿದರು. ಕೆಲಸದ ಅಮಲಿನಲ್ಲಿದ್ದ ನಾನು ಮತ್ತೆ ವಿಚಾರಿಸಲಿಲ್ಲ.

ಎರಡನೇ ಸೂಜಿಯ ದಿನ ವೈದ್ಯರು ಆಪ್ ಹೇಳಿದಷ್ಟೇ ಬಾಟಲಿ ತಂದರು. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು ಎಂದು ಪೆಟ್ಟಿಗೆ ಮುಚ್ಚುತ್ತಿದ್ದಾಗ ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದೇ ಸಾಲು ಉಳಿಯಿತು: ದೊಡ್ಡವ್ವನ ಮನೆ, ಬೆಳ್ಳಗಾಲಿ ಮಗಳು, ಬಾಕಿ.

ದೊಡ್ಡವ್ವ ಹಣೆ ಚಚ್ಚಿಕೊಂಡಳು. ಕಾಲು ಉಳುಕಿದೆ ಎಂದು ಅದನ್ನು ಹಿತ್ತಿಲಲ್ಲಿ ಕಟ್ಟಿ ಮರೆತಿದ್ದಳು. “ಸಂಜಿಗೆ ನನಗೂ ನೆನಪಾಗ್ತಿತ್ತು ಕಣವ್ವ. ಅಷ್ಟೊತ್ತಿಗೆ ಡಾಕ್ಟ್ರು ಹೊಂಟೋಗಿರೋರು,” ಎಂದಳು. ಎತ್ತಿಕೊಂಡು ಬಂದರು, ಸೂಜಿ ಆಯಿತು. ತಂದಿದ್ದ ಕೊನೆಯ ಬಾಟಲಿಯ ತಳದಲ್ಲಿ ಅದಕ್ಕೂ ಇತ್ತು. ವೈದ್ಯರು ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮುಂದಿನ ವಾರ ಆದಿವಾಲಕ್ಕೂ ಮೊಬೈಲು ತಗೊಂಡು ಬಾ ಎಂದರು. ನಾನು ಓಡಿಹೋಗಿ ಹುಣಸೆಮರದ ಕೆಳಗೆ ನಿಂತು ಮೇಷ್ಟ್ರಿಗೆ ಫೋನು ಮಾಡಿದೆ. ಉಸಿರು ಕಟ್ಟಿ ಎಲ್ಲ ಹೇಳಿದೆ. ಅವರು ಇರು ಎಂದರು. ಏನೋ ಸರಿದ ಸದ್ದು. ಆಮೇಲೆ ಫೋನಿನಲ್ಲಿ ಸ್ಪಷ್ಟವಾಗಿ ಟಣ್ ಎಂದಿತು.

ಮೇಷ್ಟ್ರು ತೀರಿಕೊಂಡದ್ದು ಅದಾದ ಒಂಬತ್ತನೆಯ ದಿನ. ಹೊಳಲ್ಕೆರೆಯಲ್ಲಿ ಅವರ ಆತ್ಮಶಾಂತಿಗೆ ನಡೆದ ಶಿವಗಣಾರಾಧನೆಗೆ ಹೋದೆ. ನುಡಿನಮನ ಹೇಳಬೇಕಾಗಿದ್ದ ಅವರ ನೆಂಟರೊಬ್ಬರು ಕಾಗದ ಪೆನ್ನು ಹಿಡಿದು, ಒಟ್ಟು ಎಷ್ಟು ಜನ ಶಿಷ್ಯರು ಇರಬಹುದು ಎಂದು ನಮ್ಮನ್ನು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಆದಿವಾಲದ ನೀರುಗಂಟಿ ಎದ್ದು ನಿಂತ. ಯಾವ ಬೀದಿಗೆ ಯಾವತ್ತು ನೀರು ಬಿಟ್ಟೆ ಎಂದು ತಾನು ಬರೆದ ಪ್ರೋಗ್ರಾಂ ಹೇಳುತ್ತದೆ ಎಂದ. ಹೊಸದುರ್ಗದ ಬಳೆ ಅಂಗಡಿಯ ಹೆಣ್ಣುಮಗಳು ಎದ್ದು, ಯಾರ ಕೈಗೆ ಯಾವ ಅಳತೆ ಎಂದು ತನ್ನದು ಹೇಳುತ್ತದೆ ಎಂದಳು. ಧರ್ಮಪುರದ ಶೇಂಗಾ ಬೆಳೆಗಾರರು ಎದ್ದರು. ನಾನೂ ಎದ್ದು ಬೆಳ್ಳಗಾಲಿ ಮಗಳ ವಿಷಯ ಹೇಳಿದೆ. ಒಬ್ಬರಾದ ಮೇಲೆ ಒಬ್ಬರು ಎದ್ದರು. ಎಷ್ಟು ಜನ ಎಂದು ನಾನು ಎಣಿಸಲಿಲ್ಲ. ಬಾರದವರು ಯಾರು ಎಂಬುದಷ್ಟೇ ಗೊತ್ತಿತ್ತು, ಅದಕ್ಕೇ ಅಳು ಬಂತು.

ಊಟವಾದ ಮೇಲೆ ಮೇಷ್ಟ್ರ ಹೆಂಡತಿ ನನ್ನನ್ನು ಒಳಕೋಣೆಗೆ ಕರೆದರು. ಮಂಚದ ತಲೆದೆಸೆಯಲ್ಲಿ ಸ್ಟೂಲಿನ ಮೇಲೆ ಒಂದು ಟೈಪ್‌ರೈಟರ್ ಇತ್ತು. ಏಳಲು ಆಗದಂತಾದಾಗ ಹಿರಿಯೂರಿನಿಂದ ಅದನ್ನು ತರಿಸಿಕೊಂಡರಂತೆ. ಯಾಕೆ ಎಂದು ಕೇಳಿದ್ದಕ್ಕೆ, ಯಲ್ಲದಕೆರೆಯಿಂದ ಫೋನ್ ಬರೋದೈತೆ ಎಂದರಂತೆ. ಇದು ನಿನಗೆ ಅಂತ ಹೇಳಿ ಹೋದರು, ತಗೊಂಡು ಹೋಗವ್ವ ಎಂದರು ಅಮ್ಮ.

ಈಗ ಅದು ನಮ್ಮ ಪಡಸಾಲೆಯಲ್ಲಿದೆ. ಶನಿವಾರ ಸುತ್ತಲ ಹಳ್ಳಿಯ ಪಶು ಸಖಿಯರು ಕಲಿಯಲು ಬರುತ್ತಾರೆ, ಮೊದಲ ದಿನ ಎಲ್ಲರನ್ನೂ ಬಸ್ ನಿಲ್ದಾಣಕ್ಕೆ ಅಟ್ಟುತ್ತೇನೆ, ಎಲ್ಲರೂ ನನ್ನ ಮೇಲೆ ರೇಗುತ್ತಾರೆ. ಆದರೆ ನನ್ನ ಕೈ ಸೇರಿದ ಮೇಲೆ ಅದರ ಗಂಟೆ ಮೊದಲು ಹೊಡೆದದ್ದು ಪಡಸಾಲೆಯಲ್ಲಲ್ಲ. ಅವತ್ತು ಹೊಳಲ್ಕೆರೆಯಿಂದ ಹೊಸದುರ್ಗದ ಮೇಲೆ ಹಿರಿಯೂರಿಗೆ ಬಂದು, ನಮ್ಮೂರ ಬಸ್ಸು ಹತ್ತಿ, ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ರಸ್ತೆಯ ಉಬ್ಬು ಹಾರಿದ ರಭಸಕ್ಕೆ ಕ್ಯಾರಿಯೇಜು ತಾನೇ ಜಾರಿ ಗಂಟೆ ಹೊಡೆಯಿತು. ಇಳಿಯುವವರು ಯಾರೋ ಇದ್ದಾರೆ ಎಂದುಕೊಂಡು ಡ್ರೈವರು ಬಸ್ಸು ನಿಲ್ಲಿಸಿಬಿಟ್ಟ. ಕಂಡಕ್ಟರು ಸಿಡುಕಿಕೊಂಡು ನನ್ನ ಸೀಟಿನವರೆಗೆ ಬಂದ.

“ಯಾರದಮ್ಮ ಗಂಟೆ?” ಎಂದ.

“ನಮ್ಮ ಮೇಷ್ಟ್ರದು,” ಎಂದೆ.